ರೋಸ್ ಬಣ್ಣದ ಹೊಳೆ

ಈಚೆಗೆ ನನಗೆ ವಸ್ತುಗಳ ಬೆನ್ನು ನೋಡುವ ಚಟ ಹತ್ತಿದೆ. ಯಾರ ಮನೆಗೆ ಹೋದರೂ ಗೋಡೆಯ ಗಡಿಯಾರ ಚೆನ್ನಾಗಿದೆ ಎನ್ನುವ ಮೊದಲು ಅದನ್ನು ತಿರುಗಿಸಿ, ಹಿಂದಿನ ಸ್ಕ್ರೂ ಎಂಥದ್ದೆಂದು ನೋಡಬೇಕು ಅನ್ನಿಸುತ್ತದೆ. ಮೊನ್ನೆ ನೆಲಮಂಗಲದ ನೆಂಟರ ಗೃಹಪ್ರವೇಶದಲ್ಲಿ ಹಾಗೆ ಮಾಡಿಯೂಬಿಟ್ಟೆ. ಮನೆಯಾಕೆ ಪಾಯಸದ ಲೋಟ ಹಿಡಿದು ಬಂದಾಗ ಅವರ ಹೊಸ ಗಡಿಯಾರ ನನ್ನ ತೊಡೆಯ ಮೇಲೆ ಕೂಸಿನಂತೆ ಬೋರಲು ಮಲಗಿತ್ತು. ವಾಪಸು ಮನೆ ತಲುಪುವವರೆಗೂ ಹೆಂಡತಿ ನನ್ನೊಡನೆ ಮಾತಾಡಲಿಲ್ಲ.

ಈ ಚಟ ಹತ್ತಿಸಿದ್ದು ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟುಗಳು. ಟಿವಿಗೆ ತಗುಲಿಸುವ ಯಂತ್ರದ ಮೇಲೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಒತ್ತಿ ಕೂರಿಸಿದರೆ ಆಟ ಮೂಡುತ್ತಿತ್ತಲ್ಲ, ಅದು. ಹಾಡಿನ ಕ್ಯಾಸೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ನಮ್ಮ ಕಡೆ ಎರಡಕ್ಕೂ ಅದೇ ಹೆಸರು. ಆಟ ಬಾರದಿದ್ದರೆ ಕಿತ್ತು, ಉಫ್ ಎಂದು ಊದಿ, ಮತ್ತೆ ಒತ್ತುತ್ತಿದ್ದೆವು. ಈಗ ಅವನ್ನು ಜನ ಫೋನಿನಲ್ಲಿ, ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಜಾಗಗಳಲ್ಲಿ ಮಾರುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಹಳೆಯ ವೇಷ ಹಾಕಿದ ಹೊಸ ನಕಲುಗಳು.

ನಾನು ಆಟದ ಹುಚ್ಚನಲ್ಲ. ದೇವನಹಳ್ಳಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ವಿಮಾನ ನಿಲ್ದಾಣ ಬಂದ ಮೇಲೆ ಇಲ್ಲಿನ ಜಮೀನಿಗೆ ಕಾಲು ಬಂದಿದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಓಡುವ ಮೊದಲು ಅದರ ಕಾಗದಪತ್ರಗಳು ನನ್ನ ಯಂತ್ರದ ಗಾಜಿನ ಮೇಲೆ ಒಂದು ಗಳಿಗೆ ಮಲಗಿ ಹೋಗುತ್ತವೆ. ಬೆಳಗಿನಿಂದ ಸಂಜೆಯವರೆಗೆ ನಾನು ಕೇಳುವ ಪ್ರಶ್ನೆ ಒಂದೇ: “ಒರಿಜಿನಲ್ ತಂದಿದ್ದೀರಾ?” ದಿನವೆಲ್ಲ ನಕಲು ತೆಗೆದು ಹೊಟ್ಟೆ ಹೊರೆಯುವವನು ಬಿಡುವಾದಾಗ ಫೋನು ಹಿಡಿದು ನಕಲು ಪತ್ತೆ ಮಾಡಲು ಕೂರುವುದು ನಿಮಗೆ ತಮಾಷೆಯಾಗಿ ಕಂಡರೆ ಧಾರಾಳವಾಗಿ ನಗಿ, ಅಕ್ಕಪಕ್ಕದ ಅಂಗಡಿಯವರು ಆಗಲೇ ನಕ್ಕು ಮುಗಿಸಿದ್ದಾರೆ.

ನಕಲು ಹಿಡಿಯುವುದು ಬ್ರಹ್ಮವಿದ್ಯೆಯೇನಲ್ಲ. ಮುಂಭಾಗದ ಒಂದೇ ಫೋಟೋ ಹಾಕಿ ‘ಅಪರೂಪದ ಒರಿಜಿನಲ್ ಮಾಲು’ ಎಂದು ಬರೆದವನಿಗೆ, ಬೆನ್ನಿನ ಫೋಟೋ ಕಳಿಸಿ ಎನ್ನಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಅಪ್ಪ ಸೀರೆಯ ಮುಂಭಾಗ ನೋಡಿ ಮಾತಾಡಿದ್ದನ್ನು ನಾನು ಕಂಡೇ ಇಲ್ಲ; ಸೆರಗು ಮಗುಚಿ, ಹಿಂದೆ ನೂಲು ಹೇಗೆ ಓಡಿದೆ ಎಂದು ನೋಡಿದ ಮೇಲೆಯೇ ಅವರ ಬಾಯಿ ತೆರೆಯುತ್ತಿತ್ತು. ಕ್ಯಾಸೆಟ್ಟಿನ ಬೆನ್ನೂ ಹಾಗೆಯೇ. ಕಂಪನಿಯ ಹೆಸರು ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರಬೇಕು, ಅಕ್ಷರದ ಅಂಚು ಮೊಂಡಾಗಿದ್ದರೆ, ಸ್ಕ್ರೂ ಮಾಮೂಲಿ ಸ್ಕ್ರೂಡ್ರೈವರಿಗೇ ಬಗ್ಗುವಂತಿದ್ದರೆ ಅನುಮಾನಿಸಬೇಕು. ಬಿಚ್ಚಿ ತೋರಿಸಲು ಒಪ್ಪಿದರಂತೂ ಅಲ್ಲಿಗೆ ಮುಗಿಯಿತು. ಅಸಲಿಯ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳ ಮೇಲೆ ನಂಬರು ಇರುತ್ತದೆ. ಅಗ್ಗದ ನಕಲಿಯ ಒಳಗೆ ಹಸಿರು ಸರ್ಕ್ಯೂಟ್ ಹಲಗೆಯ ನಡುವೆ ಕರಿ ಅಂಟಿನ ಒಂದು ತೊಟ್ಟು ಮಾತ್ರ, ಕೂಸಿನ ಕೆನ್ನೆಯ ದೃಷ್ಟಿಬೊಟ್ಟಿನ ಹಾಗೆ.

ನಮ್ಮಜ್ಜಿ ಒಂದು ಸ್ವಯಂವರದ ಕಥೆ ಹೇಳುತ್ತಿದ್ದಳು. ರಾಜಕುಮಾರಿ ಮಾಲೆ ಹಿಡಿದು ಬಂದರೆ, ಅವಳು ಮೆಚ್ಚಿದವನ ರೂಪವನ್ನೇ ತೊಟ್ಟು ದೇವತೆಗಳೂ ಸಾಲಾಗಿ ನಿಂತಿದ್ದಾರೆ. ದೇವತೆಗಳು ಬೆವರುವುದಿಲ್ಲ, ಅವರ ಹೂವು ಬಾಡುವುದಿಲ್ಲ, ಪಾದಕ್ಕೆ ಧೂಳು ಹತ್ತುವುದಿಲ್ಲ. ಬೆವರಿದವನ, ಬಾಡಿದ ಹೂವಿನವನ ಕೊರಳಿಗೆ ಅವಳು ಮಾಲೆ ಹಾಕಿದಳು. ಫೋಟೋದಲ್ಲಿ ಮಿರಮಿರ ಮಿಂಚುವ ಕ್ಯಾಸೆಟ್ಟುಗಳನ್ನು ಕಂಡಾಗಲೆಲ್ಲ ನನಗೆ ಆ ಕಥೆ ನೆನಪಾಗುತ್ತದೆ. ಅಂಚಿನಲ್ಲಿ ಕೊಳೆ ಕೂತದ್ದು, ಯಾರೋ ಹುಡುಗ ಮೊಳೆಯಿಂದ ಹೆಸರು ಗೀಚಿದ್ದು ಇದ್ದರೆ ಸ್ವಲ್ಪ ನಂಬಬಹುದು.

ಇಷ್ಟೆಲ್ಲ ನಾನು ಕಲಿತದ್ದು ಸುಧಕ್ಕನಿಗಾಗಿ. ಸುಧಕ್ಕ ನನ್ನ ಒಡಹುಟ್ಟಿದವಳು. ದೊಡ್ಡಬಳ್ಳಾಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಾಳೆ. ಹೋದ ವರ್ಷ ಅವಳಿಗೆ ಮೆದುಳು ಜ್ವರ ಬಂತು. ಉಳಿದಳು, ಆದರೆ ನೆನಪುಗಳು ಕಲಸಿಹೋದವು. ಸೊಸೆಯನ್ನು ತೀರಿಕೊಂಡ ಚಿಕ್ಕಮ್ಮನ ಹೆಸರಿನಿಂದ ಕರೆದಳು. ಎಂದೋ ಮಾರಿದ ಹಸುವಿಗೆ ಬೂಸಾ ಇಟ್ಟಿರಾ ಎಂದು ಕೇಳಿದಳು. ತಪ್ಪು ಹೇಳಿದರೆ ಮೆಲ್ಲಗೆ ತಿದ್ದಿ ಎಂದು ವೈದ್ಯರು ಹೇಳಿದ್ದರು. ನಾವು ತಿದ್ದಿದೆವು. ತಿದ್ದುವುದರಲ್ಲಿ ಒಂದು ರುಚಿಯಿದೆ, ಹತ್ತಿದರೆ ಬಿಡುವುದಿಲ್ಲ.

ಹೀಗಿರುವಾಗ ಒಂದು ದಿನ ಅಕ್ಕ ದೋಣಿ ಆಟದ ಮಾತು ತೆಗೆದಳು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದದ್ದು ಒಂದೇ ಕ್ಯಾಸೆಟ್ಟು. ಅದರ ಮೇಲಿನ ಲಿಪಿ ಓದಲು ಬಾರದೆ ನಾವೇ ಇಟ್ಟ ಹೆಸರು ಅದು. ಹೊಳೆಯಲ್ಲಿ ಬಂಡೆಗಳನ್ನು ತಪ್ಪಿಸುತ್ತ ದೋಣಿ ನಡೆಸಬೇಕು, ಅಷ್ಟೇ.

“ಆ ಹೊಳೆ ನೀರು ರೋಸ್ ಕಲರ್ ಇತ್ತು ಕಣೋ ಮಂಜ. ಮಗ್ಗ ನಿಂತಿರೋ ದಿನ ಅಪ್ಪ ನನ್ ಜೊತೆ ಕೂತ್ಕೊಂಡು ಆಡ್ತಿತ್ತು. ‘ಯಾವನೋ ಬಣ್ಣದ ಬಾನಿ ಹೊಳೆಗೆ ಚೆಲ್ಬುಟ್ಟವ್ನೆ ನೋಡವ್ವ’ ಅಂತ ನಗ್ತಿತ್ತು.”

ಅಪ್ಪ ಆಟ ಆಡುವುದೆ? ನಗುವುದೆ? ನಾನು ಕಂಡ ಅಪ್ಪ ಮಗ್ಗದ ಸದ್ದು ನಿಂತರೆ ಕೈ ಎಲ್ಲಿಡಬೇಕೆಂದು ತಿಳಿಯದ ಮನುಷ್ಯ. ಅವರು ಹೋಗಿ ಬಹಳ ಕಾಲವಾಗಿದೆ, ಕೇಳುವಂತಿಲ್ಲ. ಅಮ್ಮನೂ “ನಿಮ್ಮಪ್ಪ ಆಟ ಆಡೋ ಪೈಕಿನಾ?” ಎಂದುಬಿಟ್ಟಳು. ನೀರಿನ ಬಣ್ಣ ನನಗೆ ನೆನಪಿರಲಿಲ್ಲ; ಫೋನಿನಲ್ಲಿ ದೋಣಿ, ಹೊಳೆ, ಬಂಡೆ ಎಂದು ಹುಡುಕಿ ಅದೇ ಆಟದ ವಿಡಿಯೋ ತೋರಿಸಿದೆ. ನೀರು ಅಪ್ಪಟ ನೀಲಿ. ಜೊತೆಗೆ ಕಾರಣವನ್ನೂ ಒದಗಿಸಿದೆ. ನಮ್ಮ ಹಿತ್ತಿಲ ಹಿಂದೆ ದೊಡ್ಡ ಬಾನಿಗಳಲ್ಲಿ ಅದ್ದಿ ನೂಲಿಗೆ ಬಣ್ಣ ಹಾಕುವ ಮನೆಯಿತ್ತು, ಅದರ ಮೋರಿ ಎಷ್ಟೋ ದಿನ ರೋಸ್ ಬಣ್ಣದಲ್ಲೇ ಹರಿಯುತ್ತಿತ್ತು. “ಮೋರಿ ನೀರನ್ನ ಆಟದೊಳಕ್ಕೆ ಸೇರಿಸ್ಕೊಂಡಿದ್ದೀಯ ಅಕ್ಕ, ಅಷ್ಟೇ.” ಎಷ್ಟು ಅಚ್ಚುಕಟ್ಟಾದ ವಿವರಣೆ! ನನಗೇ ಮೆಚ್ಚುಗೆಯಾಯಿತು.

ಅಂದಿನಿಂದ ಅಕ್ಕ ಪ್ರತಿಯೊಂದು ಮಾತಿನ ಕೊನೆಗೂ “ಅಲ್ವಾ?” ಸೇರಿಸತೊಡಗಿದಳು. ಮದುವೆಯಲ್ಲಿ ಮಳೆ ಬಂದಿತ್ತು, ಅಲ್ವಾ? ನನಗೆ ಬದನೆಕಾಯಿ ಆಗಲ್ಲ, ಅಲ್ವಾ? ತನ್ನ ಬದುಕಿಗೆ ತಾನೇ ಸಹಿ ಹಾಕಲು ಅಧಿಕಾರವಿಲ್ಲದವಳಂತೆ ನಮ್ಮ ಮುಖ ನೋಡುವಳು. ಆಮೇಲೆ ಹಳೆಯದನ್ನು ಹೇಳುವುದನ್ನೇ ನಿಲ್ಲಿಸಿದಳು. ನನಗೆ ಭಯವಾಯಿತು. ಜ್ವರ ತೆಗೆದುಕೊಂಡು ಹೋಗಿದ್ದಕ್ಕಿಂತ ಹೆಚ್ಚನ್ನು ನಾವು ತೆಗೆದುಕೊಳ್ಳುತ್ತಿದ್ದೇವೆ ಅನ್ನಿಸಿತು.

ಅವಳನ್ನು ಗೆಲುವಾಗಿಸಲು ಆ ಆಟ ಕೊಡಿಸೋಣವೆಂದು ಹೊರಟೆ. ಯಂತ್ರ ಅಮ್ಮನ ಮನೆಯ ಅಟ್ಟದಲ್ಲಿ ಸಿಕ್ಕಿತು, ಕ್ಯಾಸೆಟ್ಟು ಸಿಗಲಿಲ್ಲ. ಹಾಗಾಗಿಯೇ ಫೋನು, ಬೆನ್ನು, ಸ್ಕ್ರೂಗಳ ವಿದ್ಯಾಭ್ಯಾಸ. ಎಷ್ಟೋ ನಕಲಿಗಳನ್ನು ಜರಡಿ ಹಿಡಿದು, ಜಪಾನಿನಿಂದ ಬಂದ ಅಸಲಿಯೊಂದನ್ನು ತರಿಸಿಕೊಂಡೆ. ಅಂಚಿನಲ್ಲಿ ಕೊಳೆ, ಬೆನ್ನಲ್ಲಿ ಚೂಪಾದ ಅಚ್ಚಕ್ಷರ, ಒಳಗೆ ನಂಬರಿನ ಚಿಪ್. ಅದನ್ನು ಗಂಧದ ಕೊರಡಿನಷ್ಟು ಜೋಪಾನವಾಗಿ ಹಿಡಿದು ಅಕ್ಕನ ಮನೆಗೆ ಹೋದೆ.

ಆಟ ಬಂತು. ಅಕ್ಕನ ಹೆಬ್ಬೆರಳು ಒಂದು ಗಳಿಗೆ ತಡವರಿಸಿ ಆಮೇಲೆ ತಾನಾಗಿ ಓಡಿತು. ಬಂಡೆ ಕಾಣಿಸುವ ಮೊದಲೇ ದೋಣಿ ಪಕ್ಕಕ್ಕೆ ಸರಿಯುತ್ತಿತ್ತು. ಆದರೆ ನೀರು ನೀಲಿ. ಅವಳು ಸ್ವಲ್ಪ ಹೊತ್ತು ಆ ನೀಲಿಯನ್ನೇ ನೋಡಿದಳು. ಕೈಯಲ್ಲಿದ್ದುದನ್ನು ನೆಲಕ್ಕಿಟ್ಟು “ಹಂಗಾದ್ರೆ ನಂದೇ ತಪ್ಪು ಬಿಡು” ಎಂದು ಎದ್ದು ಹೋದಳು. ಬೇಡದ ಮೊಕದ್ದಮೆಯೊಂದನ್ನು ಗೆದ್ದವನ ಹಾಗೆ ನಾನು ಕೂತೇ ಇದ್ದೆ.

ಮರುದಿನ ಅಂಗಡಿಯಲ್ಲಿ ಯಾರಿಗೋ “ಒರಿಜಿನಲ್ ತಂದಿದ್ದೀರಾ?” ಎಂದು ಕೇಳುತ್ತಿದ್ದಾಗ ತಲೆಗೆ ಹೊಳೆಯಿತು. ಬಂಡೆಗಳ ಜಾಗವನ್ನು ಅಷ್ಟು ಚೆನ್ನಾಗಿ ಬಲ್ಲವಳು ನೀರಿನ ಬಣ್ಣವನ್ನು ಮರೆಯುತ್ತಾಳೆಯೆ? ಅದಕ್ಕಿಂತ ದೊಡ್ಡ ಪ್ರಶ್ನೆ: ಆ ಕಾಲದ ದೊಡ್ಡಬಳ್ಳಾಪುರದಲ್ಲಿ ಅಸಲಿ ಕ್ಯಾಸೆಟ್ಟನ್ನು ಯಾರು ಕಂಡಿದ್ದರು? ಬಸ್ ಸ್ಟ್ಯಾಂಡಿನ ಹತ್ತಿರ ಬಕೆಟ್ಟು, ಬಾಚಣಿಗೆಗಳ ನಡುವೆ ನೇತುಹಾಕಿ ಮಾರುತ್ತಿದ್ದ ಮಾಲು ಅದು. ನಕಲು ಮಾಡಿದವನು ಬಣ್ಣ ತಪ್ಪಾಗಿ ಹಾಕಿರಬಹುದು, ಬೇಕೆಂದೇ ಬದಲಿಸಿರಬಹುದು. ಜಗತ್ತಿನ ನಕಲುಗಳನ್ನೆಲ್ಲ ಹಿಡಿಯಲು ಹೊರಟ ಜೆರಾಕ್ಸ್ ಅಂಗಡಿಯವನು, ತನ್ನ ಬಾಲ್ಯವೇ ಒಂದು ಜೆರಾಕ್ಸ್ ಪ್ರತಿ ಎಂಬುದನ್ನು ಮರೆತಿದ್ದ.

ಅಲ್ಲಿಂದ ನನ್ನ ಹುಡುಕಾಟ ತಿರುವುಮುರುವಾಯಿತು. ಅಸಲಿ ಕಂಡರೆ ಮುಖ ತಿರುಗಿಸಿದೆ. ಮೊಂಡು ಅಕ್ಷರ, ತಪ್ಪು ಚಿತ್ರ, ಎಲ್ಲ ಸ್ಕ್ರೂಡ್ರೈವರಿಗೂ ಬಗ್ಗುವ ಸ್ಕ್ರೂ ಕಂಡರೆ ಎದೆ ಹಾರುತ್ತಿತ್ತು. ಕೊನೆಗೆ ಹೊಸಕೋಟೆಯ ನಯಾಜ್ ಎಂಬುವವರು ಹಾಕಿದ್ದೊಂದು ಕಣ್ಣಿಗೆ ಬಿತ್ತು. ಮೇಲಿನ ಚಿತ್ರದಲ್ಲಿ, ನಮ್ಮದರಲ್ಲಿದ್ದಂತೆಯೇ, ದೋಣಿಯ ಮೇಲೊಂದು ಸಂಬಂಧವಿಲ್ಲದ ವಿಮಾನ. ಫೋನು ಮಾಡಿದೆ.

“ಅದು ಡೂಪ್ಲಿಕೇಟ್ ತಾನೇ?” ಎಂದು ಆಸೆಯಿಂದ ಕೇಳಿದೆ.

“ಏನ್ ಸಾರ್ ಹಿಂಗಂತೀರ! ಪಕ್ಕಾ ಒರಿಜಿನಲ್. ನಮ್ ಭಾಯಿಜಾನ್ ತಂದ್ಕೊಟ್ಟಿದ್ದು.”

“ಒರಿಜಿನಲ್ ಆದ್ರೆ ನಂಗೆ ಬೇಡ.”

“ಸಾರ್, ನೀವು ಆರಾಮಾಗಿದ್ದೀರ ತಾನೇ?”

ಹೋದೆ. ನಯಾಜ್ ಹಾರ್ಡ್‌ವೇರ್ ಅಂಗಡಿಯವರು, ಸ್ಕ್ರೂಡ್ರೈವರಿಗೆ ಬರವಿಲ್ಲ. ಗಲ್ಲಾದ ಮೇಲೇ ಬಿಚ್ಚಿದರು. ನಡುವೆ ಕರಿ ಬೊಟ್ಟು. ಅದರ ಅರ್ಥ ಹೇಳಿದೆ. ಅವರ ಮುಖ ಸಣ್ಣಗಾಯಿತು. ಅದನ್ನು ತಂದುಕೊಟ್ಟ ಆ ಅಣ್ಣ ಈಗಿಲ್ಲವಂತೆ. ನಾನು ಅಕ್ಕನ ವಿಷಯವೆಲ್ಲ ಹೇಳಿ, ನಿಮ್ಮದರಲ್ಲಿ ನೀರು ಯಾವ ಬಣ್ಣ ಇತ್ತು ಎಂದು ಕೇಳಿದೆ.

“ನಮ್ದು ಬ್ಲಾಕ್ ಅಂಡ್ ವೈಟ್ ಟಿವಿ ಸಾರ್,” ಎಂದರು. ಸ್ಕ್ರೂ ಬಿಗಿ ಮಾಡುತ್ತ, ನನ್ನ ಮುಖ ನೋಡದೆ ಕೇಳಿದರು: “ಭಾಯಿಜಾನ್ ಸುಳ್ಳು ಹೇಳಿದ್ರಾ ಸಾರ್ ಹಂಗಾದ್ರೆ?”

“ಇಲ್ಲ. ಆಗ ನಮ್ ಕಡೆಗೆಲ್ಲ ಇದೇ ಒರಿಜಿನಲ್,” ಎಂದೆ. ಆ ಮಾತು ಆಡಿದ ಮೇಲೆ ಅದು ನಿಜವೆಂದು ನನಗೂ ತಿಳಿಯಿತು.

ಅಕ್ಕನ ಮನೆಯಲ್ಲಿ ಕ್ಯಾಸೆಟ್ಟು ಒತ್ತಿದೆ. ಬರಲಿಲ್ಲ. ಕಿತ್ತು ಊದಿ ಮತ್ತೆ ಒತ್ತಿದೆ. ಈ ಸಲವೂ ನೀಲಿ ಬಂದರೆ ಅವಳು ಇನ್ನು ಯಾವುದನ್ನೂ ನಂಬಲಾರಳು, ಅದಕ್ಕೆ ಕಾರಣ ನಾನೇ. ಪರದೆ ಒಮ್ಮೆ ಝಗ್ಗೆಂದು ಹೊಳೆಯಿತು. ಹೊಳೆ ಬಂತು. ಈ ದಡದಿಂದ ಆ ದಡಕ್ಕೆ ರೋಸ್ ಬಣ್ಣ.

ಹೊಳೆಯ ಬಣ್ಣ ನಿಜವಾದ ಮಾತ್ರಕ್ಕೆ ಅಪ್ಪ ಆಡಿದ್ದೂ ನಿಜವೆಂದು ಹೇಗೆ ಹೇಳುತ್ತೀಯ ಎಂದು ವಕೀಲರಾರಾದರೂ ಕೇಳಬಹುದು. ಕೇಳಲಿ. ಬಣ್ಣದ ಬಾನಿಯ ಆ ಮಾತು ನೀಲಿ ಹೊಳೆಗೆ ಹೊಂದುವುದಿಲ್ಲ, ಈ ಹೊಳೆಗೇ ಹೊಂದುವುದು. ಮಗ್ಗದ ಮನೆಯ ಮನುಷ್ಯನೊಬ್ಬ ಈ ನೀರನ್ನು ಕಂಡರೆ ಆಡುವ ಮೊದಲ ಮಾತೇ ಅದು. ಆ ಮಧ್ಯಾಹ್ನಗಳಲ್ಲಿ ನಾನು ಟ್ಯೂಷನ್ನಿನಲ್ಲಿದ್ದೆ. ನಾನು ನೋಡದ ಅಪ್ಪ ಒಬ್ಬರು ಇದ್ದರು, ಅವರನ್ನು ಅಕ್ಕ ನೋಡಿದ್ದಳು. ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಯಾವುದು ಮೊದಲು ಬಂತೆಂದು ಹೇಳಲಾರೆ.

ಗೆದ್ದೆನೆಂದು ಅಕ್ಕ ನನ್ನ ಕಡೆ ನೋಡಲೂ ಇಲ್ಲ. ದೋಣಿ ನಡೆಸುತ್ತಿದ್ದಳು. ದೊಡ್ಡ ಬಂಡೆಯೊಂದನ್ನು ಬಳಸಿ ಹೋಗುತ್ತ ಅಂದಳು:

“ಈ ಬಂಡೆ ಹತ್ರ ಅಪ್ಪ ಯಾವಾಗ್ಲೂ ಸೋತೋಗ್ತಿತ್ತು.”

ಅಷ್ಟೇ. ಕೊನೆಯಲ್ಲಿ ‘ಅಲ್ವಾ’ ಇರಲಿಲ್ಲ.

“ಸೋತ್ಮೇಲೆ ಏನಂತಿತ್ತು ಅಕ್ಕ?” ಎಂದು ಕೇಳಿದೆ.

“ಕೂತ್ಕೋ, ಹೇಳ್ತೀನಿ,” ಎಂದಳು.