ತಮ್ಮ ಬೆದರಿಸಿದ ಎತ್ತು

1951ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ, ನನ್ನ ಓದು ನಿಂತಿತು. ಅವ್ವ ಮೊದಲೇ ಹೋಗಿದ್ದಳು, ಆ ವರ್ಷ ಅಪ್ಪನೂ ತೀರಿಕೊಂಡ. ಎಂಟು ವರ್ಷದ ತಮ್ಮ, ಒಂದು ಗಾಡಿ, ಒಂದು ಜೊತೆ ಎತ್ತು ನನ್ನ ಪಾಲಿಗೆ ಬಂದವು. ಶಿಕಾರಿಪುರದಿಂದ ಸೊರಬಕ್ಕೆ ಅಕ್ಕಿ ಚೀಲ ಸಾಗಿಸಿ ಅವನನ್ನು ಸಾಕಿದೆ. ಯಾರ ಮನೆ ಮುಂದೆಯೂ ಕೈ ಚಾಚಲಿಲ್ಲ.

ಹದಿನೈದು ತುಂಬಿ ಹೈಸ್ಕೂಲು ಸೇರಿದ ಮೇಲೆ ಅವನಿಗೆ ಒಂದೇ ಹುಚ್ಚು: ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ನಡೆಯುವ ಹೋರಿ ಬೆದರಿಸುವ ಹಬ್ಬ. ಹೋರಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಅದನ್ನು ತಡೆದು ಸರ ಹರಿದವನೇ ಗಂಡಸು. ಯಾರ ಕೈಗೂ ಸಿಗದೆ ಪಾರಾದರೆ ಹೋರಿಯ ಮನೆಯವರಿಗೆ ಹೆಸರು. ನಾನೇನು ಹಬ್ಬಕ್ಕೆ ಹೋಗಬೇಡ ಎನ್ನಲಿಲ್ಲ.

“ಕಟ್ಟೆ ಮ್ಯಾಲೆ ನಿಂತು ನೋಡು. ಬೀದಿಗೆ ಇಳಿಬ್ಯಾಡ. ನಮ್ಮ ಎತ್ತು ಮುಟ್ಟಬ್ಯಾಡ, ಅದು ಗಾಡಿ ಎತ್ತು” ಎಂದೆ. ತಲೆ ಆಡಿಸಿದ.

ನಾನು ಬಾಡಿಗೆ ಮಾತಾಡಲು ಬಸ್ಸಿನಲ್ಲಿ ಸೊರಬಕ್ಕೆ ಹೋದ ದಿನವೇ ಬಲಗಡೆಯ ಎತ್ತನ್ನು ಬಿಚ್ಚಿಕೊಂಡು ಹಬ್ಬಕ್ಕೆ ಹೋಗಿದ್ದಾನೆ. ಬಂದು ನೋಡಿದರೆ ಎತ್ತು ಗೋಡೆಗೆ ಒತ್ತಿಕೊಂಡು ನಡುಗುತ್ತಿದೆ, ಬಾಯಲ್ಲಿ ನೊರೆ, ಕೊಂಬಿಗೆ ಕೆಂಪು ಬಣ್ಣ. ಇವನಿಗೆ ನಗು.

“ಅಣ್ಣ, ಒಬ್ಬನ ಕೈಗೂ ಸಿಗ್ಲಿಲ್ಲ! ಊರೆಲ್ಲ ನಿನ್ನ ಹೆಸರು ಹೇಳ್ತೈತಿ.”

“ನನ್ನ ಹೆಸರು ಊರಿಗೆ ಗೊತ್ತೈತಿ. ನೀ ಹೇಳ್ಸೋದು ಬ್ಯಾಡ.”

ಮುಂದಿನ ವಾರ ಸೊರಬದ ಪೇಟೆಯಲ್ಲಿ ನಾಲ್ಕು ಜನ ಎದುರಿಗೆ ಬಂದದ್ದೇ ತಡ, ಹಬ್ಬದ ಜನವೇ ಮತ್ತೆ ಮೇಲೆ ಬಿದ್ದರೆಂದು ತಿಳಿದು ಎತ್ತು ನುಗ್ಗಿತು. ಗಾಡಿ ಚರಂಡಿಗೆ ಮಗುಚಿತು, ಅಕ್ಕಿ ಕೆಸರಿನ ಪಾಲಾಯಿತು. ಅಂಗಡಿ ಸಾಹುಕಾರ ಮೆಟ್ಟಿಲ ಮೇಲೆ ನಿಂತು, “ಏನ್ರೀ, ಅಕ್ಕಿ ತಂದಿರೋ, ಹೋರಿ ಬಿಡಕ್ಕೆ ಬಂದಿರೋ?” ಎಂದು ಪೇಟೆಯನ್ನೆಲ್ಲ ನಗಿಸಿದ. ಆ ರಸ್ತೆಯಲ್ಲಿ ನನ್ನನ್ನು ನೋಡಿ ಅದುವರೆಗೆ ಯಾರೂ ನಕ್ಕಿರಲಿಲ್ಲ.

ಮನೆಗೆ ಬಂದು ಚಾಟಿ ಎತ್ತಿದೆ. ಆ ವರ್ಷವೇ ಮದುವೆಯಾಗಿ ಬಂದಿದ್ದ ಹೆಂಡತಿ ಅಡ್ಡ ಬಂದಳು. “ಎತ್ತು ಬೆದರಿದ್ದು ಸಾಲ್ದಾ? ಇವನ್ನೂ ಬೆದರಿಸ್ತೀರೇನ್ರೀ?”

“ಬಿಡು ಅತ್ಗೆ,” ಎಂದ ತಮ್ಮ. “ನಾ ಶಾಲೆ ಬಿಟ್ಟು ಗಾಡಿ ಹೊಡ್ದು ನಷ್ಟ ತುಂಬಿಸ್ತೀನಿ. ಅಣ್ಣ ಬಿಟ್ಟಿಲ್ಲೇನು? ಅವಗೇನಾತು?”

ಅಕ್ಕಿ ಹೋದ ಸಿಟ್ಟು ಯಾವಾಗಲೋ ಇಳಿಯಿತು. ಈ ಮಾತಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಾನು ಶಾಲೆ ಬಿಟ್ಟೆನೇ? ಅಪ್ಪನ ಸಾವು ಪುಸ್ತಕ ಕಿತ್ತುಕೊಂಡು ಕೈಗೆ ಎತ್ತಿನ ಹಗ್ಗ ಕೊಟ್ಟಿತು. ಇವನು ಅದನ್ನು ಅಂಗಿ ಕಳಚಿದಷ್ಟು ಸಲೀಸು ಅಂದುಕೊಂಡಿದ್ದ! ಚಾಟಿ ಮೂಲೆಗೆ ಎಸೆದೆ.

“ಶಾಲೆ ಬಿಡೋ ಮಾತು ಈ ಮನ್ಯಾಗೆ ಇಲ್ಲ. ಎಸ್ಸೆಸ್ಸೆಲ್ಸಿ ಮುಗ್ಸು, ಆಮ್ಯಾಲೆ ನಿನ್ನ ದಾರಿ ನಿಂದು. ಎತ್ತು ಕೆಡಿಸ್ದೋನು ನೀನು, ಸರಿ ಮಾಡೋನೂ ನೀನೇ. ದಿನಾ ಶಾಲೆಗೆ ಮೊದ್ಲು ಮೂಗುದಾರ ಹಿಡ್ದು ನಮ್ಮೂರ ಪ್ಯಾಟ್ಯಾಗೆ ನಡ್ಸು. ಅದು ಜನರ ನಡುವೆ ಸುಮ್ನೆ ನಡೆಯೋ ತನಕ ಗೆಳೆಯರ ಸಂಗ್ತಿ ತಿರುಗಾಟ ಬಂದ್.”

“ನೋಡಿದೋರು ನಗ್ತಾರಣ್ಣ.”

“ನಗ್ಲಿ. ನನ್ನ ನೋಡಿ ನಗ್ಲಿಲ್ಲೇನು?”

ಹಲ್ಲು ಕಚ್ಚಿಕೊಂಡು ನಡೆಸಿದ. ನನ್ನೊಡನೆ ಮಾತು ಬಿಟ್ಟ, ಊಟಕ್ಕೆ ಕೂತರೂ ಬೆನ್ನು ತೋರಿಸಿದ. ತಬ್ಬಲಿ ಹುಡುಗನನ್ನು ಗೋಳುಹೊಯ್ದುಕೊಳ್ಳುತ್ತಾನೆ ಎಂದರು ನೆರೆಯವರು. ಅವನ ಫೀಜು ಅವರು ಕಟ್ಟುತ್ತಿದ್ದರೇ? ಬೇಸಿಗೆಯ ಹೊತ್ತಿಗೆ ಎತ್ತು ಸಂತೆಯ ನಡುವೆಯೂ ತಲೆ ತಗ್ಗಿಸಿ ನಡೆಯಿತು. ಅವತ್ತೇ ಅವನ ತಿರುಗಾಟಕ್ಕೆ ಹಾಕಿದ ಕಟ್ಟು ತೆಗೆದೆ. ಶಾಲೆಯದು ತೆಗೆಯಲಿಲ್ಲ.

ಒಮ್ಮೆ ನಪಾಸಾಗಿ, ಮತ್ತೆ ಕಟ್ಟಿ ಪಾಸಾಗಿ, ಸೊರಬದ ಕಡೆ ಮೇಷ್ಟ್ರಾದ. ಮನೆಗೆ ಬಂದಾಗಲೆಲ್ಲ, “ನೀ ನನ್ನ ಜೈಲಿಗೆ ಹಾಕಿದ್ದೆ” ಅನ್ನುತ್ತಾನೆ. ಹಾಕಿದ್ದೆ, ಇನ್ನೊಮ್ಮೆ ಬೇಕಾದರೂ ಹಾಕುತ್ತೇನೆ ಅನ್ನುತ್ತೇನೆ.

ಈಗ ನನಗಿರುವುದು ಇಷ್ಟು: ಮೂರು ಎಕರೆ ಗದ್ದೆ, ಒಂದು ಹಂಚಿನ ಮನೆ, ಎರಡು ಜೊತೆ ಎತ್ತು, ಇಬ್ಬರು ಹೆಣ್ಣುಮಕ್ಕಳು, ಓದು ಮುಗಿಸಿದ ಒಬ್ಬ ತಮ್ಮ.