ನಕಾಶೆಯಾಗ ಅವ್ವ ಇರಲಿಲ್ಲ

ನಿಪ್ಪಾಣಿಯಾಗ ಮಂದಿ ಎಲ್ಲೆಲ್ಲಿ ನಡೀತಾರ ಅಂತ ನಕಾಶೆ ಮಾಡೋ ನಗರಸಭೆ ಕೆಲಸ ನನಗ ಗುತ್ತಿಗೆ ಮ್ಯಾಲೆ ಸಿಕ್ಕಿತ್ತು. ಮಂದಿಯ ಕಿಸೆದಾಗಿನ ಫೋನು ಎಲ್ಲಿ ಓಡಾಡತಾವ ಅನ್ನೋದು ನನ್ನ ಕಂಪ್ಯೂಟರಿಗೆ ಬರತಿತ್ತು. ಗದ್ದಲ ಇದ್ದಲ್ಲಿ ಕೆಂಪು ಬಣ್ಣ ತುಂಬತಿದ್ದೆ. ಎಲ್ಲಿ ಕೆಂಪೋ ಅಲ್ಲಿ ರಸ್ತೆ ದಾಟಾಕ ಬಿಳಿ ಪಟ್ಟಿ ಬಳಿಸತೀವಿ ಅಂದಿದ್ರು ನಗರಸಭೆ ಸಾಹೇಬ್ರು.

ಊರಾಗ ಎಲ್ಲಾಕಿಂತ ಕೆಂಪಾಗಿದ್ದು ಯಾವ ಜಾಗಾ ಅಂದೀರಿ? ಪಾನ್ ಅಂಗಡಿ ಮುಂದಿಂದು. ಅಲ್ಲಿ ಮಂದಿ ನಡೆಯೂದಿಲ್ರೀ, ನಿಲ್ಲತಾರ. ಮುಂಜಾನೆ ನಿಂತವರು ಮಧ್ಯಾಹ್ನಕ್ಕೂ ಅಲ್ಲೇ, ಕೈಯಾಗ ಫೋನು, ಬಾಯಾಗ ಎಲಿ. ನೆಲಾನೂ ಕೆಂಪ, ನಕಾಶೇನೂ ಕೆಂಪ.

ನಮ್ಮ ಓಣಿಯ ಹೆಂಗಸರು ಕಟ್ಟಿದ ಬೀಡಿ ಕೊಡಾಕ ದಿನಾ ದಾಟೋ ದೊಡ್ಡ ರಸ್ತೆ ಮಾತ್ರ ನಕಾಶೆಯಾಗ ಬೋಳು. ಹೋದ ತಿಂಗಳ ಅಲ್ಲೇ ನಮ್ಮವ್ವಗ ಬೈಕ್ ಬಡದು ಮೊಣಕಾಲು ಬಾತಿತ್ತು. ಆಕಿ ಬೀಡಿ ಬುಟ್ಟಿ ಎತ್ತಿಕೊಂಡು ಹೊಂಟ್ರ, ತಿರುಗಿ ಬರೂತನಕ ನಾನು ಜೀವಾ ಕೈಯಾಗ ಹಿಡಕೊಂಡು ಕೂಡತಿದ್ದೆ.

ಸಾಹೇಬರ ಮುಂದ ಹೇಳಿದೆ: "ಅಲ್ಲಿ ನಮ್ಮವ್ವ ದಾಟತಾಳ್ರಿ."

"ಡೇಟಾದಾಗ ಅಲ್ಲಿ ಯಾರೂ ಇಲ್ಲಲ್ರಿ ಅಕ್ಕಾರ."

"ಆಕಿ ಫೋನು ನಮ್ಮಪ್ಪನ ಕಡೆ ಇರತೈತ್ರಿ. ಅದರಾಗ ಕುಸ್ತಿ ನೋಡತಾನ."

"ಹಂಗಾರ ನಿಮ್ಮಪ್ಪ ಎಲ್ಲಿ ದಾಟತಾರ ಹೇಳ್ರಿ, ಅಲ್ಲೇ ಪಟ್ಟಿ ಹಾಕೂಣು," ಅಂದ್ರು. ನಮ್ಮಪ್ಪ ಹೊರಸು ಬಿಟ್ಟು ಕೆಳಗ ಇಳಿದ್ರಲ್ಲ ದಾಟೂದು!

ನನಗ ಮೈಯೆಲ್ಲಾ ಉರೀತು. ಓಣಿಯ ಹೆಂಗಸರನ್ನ ಕೂಡಿಸಿ, "ರೇಷನ್ನಿಗೆ ಓಟಿಪಿ ಬರತೈತಿ ಅಂತ ಹೇಳಿ ಗಂಡಂದಿರ ಫೋನು ಇಸಕೋರಿ, ಬೀಡಿ ಕೊಟ್ಟು ಬರೂತನಕ ಟೊಂಕದಾಗ ಇರಲಿ" ಅಂದೆ. ಅಕ್ಕಿ ಹೆಸರು ಹೇಳಿದ್ರ ಗಂಡಸರು ಫೋನನ್ನೂ ಬಿಡತಾರ ಅಂತ ಆಗ ಗೊತ್ತಾತು. ಅಪ್ಪ ದಿನಾ ಅವ್ವ ತಿರುಗಿ ಬರೂತನಕ ಗೋಡಿ ನೋಡಿಕೊಂತ ಕುಂತಿರತಿದ್ದ.

ಎಂಟು ದಿನದಾಗ ಆ ಬೋಳು ಜಾಗಾ ಕುಂಕುಮ ಚೆಲ್ಲಿದಂಗ ಕೆಂಪಾತು. ಸಾಹೇಬ್ರು ಹಿಗ್ಗಿ, "ನೋಡ್ರಿ, ಅಲ್ಲಿ ಈಗ ಮಂದಿ ಹುಟ್ಟ್ಯಾರ!" ಅಂದ್ರು. ಅಯ್ಯ ಶಿವನೇ, ನಮ್ಮವ್ವ ಅವತ್ತ ಹುಟ್ಟಿದಳು! ನಾನು ತುಟಿ ಕಚ್ಚಿಕೊಂಡು ಹೌದ್ರಿ ಅಂದೆ. ಪಟ್ಟಿನೂ ಬಂತು.

ಮರುದಿನ ದೊಡ್ಡ ಪರಾಕ್ರಮ ಮಾಡಿದವರಂಗ ಅವ್ವನ ಕೈ ಹಿಡಿದು ಪಟ್ಟಿ ಮ್ಯಾಲೆ ದಾಟಿಸಿದೆ. ಕಬ್ಬಿನ ಟ್ರ್ಯಾಕ್ಟರ್ ಒಂದು ಖರೇನೇ ನಿಂತಿತು. ಆಚೆ ಕಡೆ ಅವ್ವ ಬುಟ್ಟಿ ಇಳಿಸಿ, ದಮ್ಮು ತಗೊಂಡು ನನ್ನ ಮಾರಿ ನೋಡಿದಳು.

"ಏನವಾ, ಲಗ್ನಾಗಿ ಬಂದಾಗಿಂದ ಇಲ್ಲೇ ದಾಟಾಕತ್ತೀನಿ. ನಿಮ್ಮಪ್ಪನ ಫೋನ್ ದಾಟಿದ ಮ್ಯಾಲೆ ನಾ ನಿಮಗ ಕಂಡೆನೇನು?"