ಬ್ರೆಡ್ಡಣ್ಣನ ಪಥ್ಯ

ಹೊಟ್ಟೆಗೆ ಹಿಟ್ಟಿಲ್ಲ ಎಂದು ಬಡವರನ್ನು ಕುರಿತು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಮೊಣಕೈತನಕ ಹಿಟ್ಟು ಮೆತ್ತಿಕೊಂಡು, ಹಿಟ್ಟಿನ ಮೂಟೆಗೆ ಒರಗಿಯೇ ಮಧ್ಯಾಹ್ನದ ನಿದ್ದೆ ಮುಗಿಸುವ ಮನುಷ್ಯನ ಹೊಟ್ಟೆಗೆ ಹಿಟ್ಟಿಲ್ಲದೆ ಹೋದದ್ದನ್ನು ಕೇಳಿದ್ದೀರಾ? ಇಲ್ಲವಾದರೆ ಬ್ರೆಡ್ಡಣ್ಣನ ಕಥೆ ಕೇಳಿ. ನಗು ಬಂದರೆ ನಕ್ಕುಬಿಡಿ. ಪಾಪ, ಮೊದಮೊದಲು ಅವನೂ ನಗುತ್ತಿದ್ದ.

ಎರಡು ಬೀದಿ ಕೂಡುವ ಮೂಲೆಯಲ್ಲಿ ಬೇಕರಿ. ಮುಂದೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಯಜಮಾನರ ಕುರ್ಚಿ, ಅದರ ಹಿಂದೆ ತಲೆ ಬಗ್ಗಿಸಿ ಹೋಗಬೇಕಾದ ಒಂದು ಬಾಗಿಲು. ಬಾಗಿಲು ದಾಟಿದರೆ ಬ್ರೆಡ್ಡಣ್ಣನ ರಾಜ್ಯ. ಹಿಟ್ಟು ನಾದಿ ನಾದಿ ನಡು ತಗ್ಗಿಹೋದ ಮರದ ಮೇಜು, ಒಂದರೊಳಗೊಂದು ಕೂತ ತಗಡಿನ ಅಚ್ಚುಗಳು, ಗೋಡೆಯೊಳಗೆ ಕಟ್ಟಿದ ಇಟ್ಟಿಗೆಯ ಒಲೆ. ಮದುವೆಗೆ ಮುಂಚಿನಿಂದಲೂ ಅವನು ಅಲ್ಲಿಯೇ. ಬೇರೆ ಕೆಲಸ ಕಲಿಯಲಿಲ್ಲ, ಕಲಿಯಬೇಕು ಅನ್ನಿಸಲೂ ಇಲ್ಲ.

ಈ ಬೇಕರಿಗೆ ಒಂದು ಪದ್ಧತಿ ಇತ್ತು. ಹಳೆಯ ಯಜಮಾನರ ಕಾಲದಲ್ಲಿ ಒಮ್ಮೆ ಹಿಟ್ಟಿಗೆ ಉಪ್ಪು ಹಾಕುವುದು ಮರೆತು, ಅಂದಿನ ಬ್ರೆಡ್ಡೆಲ್ಲ ಬೈಗುಳದ ಜೊತೆ ವಾಪಸು ಬಂದಿತ್ತು. "ಇನ್ಮೇಲೆ ನೀನು ಕಚ್ಚಿ ನೋಡದ ಬ್ರೆಡ್ಡು ಗಾಜಿನ ಪೆಟ್ಟಿಗೆಗೆ ಬರಕೂಡದು" ಎಂದು ಅವರು ಅಪ್ಪಣೆ ಕೊಟ್ಟರು. ಅಂದಿನಿಂದ ಬೆಳಗಿನ ಮೊದಲ ಬ್ರೆಡ್ಡನ್ನು ಬ್ರೆಡ್ಡಣ್ಣ ಕೈಯಲ್ಲೇ ಹಿಡಿದು ಅಂಗಡಿಯ ಮುಂಭಾಗಕ್ಕೆ ತರುತ್ತಿದ್ದ. ಮಗುಚಿ, ಬೆರಳ ಗೆಣ್ಣಿನಿಂದ ತಳವನ್ನು ತಟ್ಟಿ, ಮುರಿದು, ಮೂಸಿ, ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿಯುತ್ತಿದ್ದ. ಸಾಲಿನಲ್ಲಿ ನಿಂತವರೆಲ್ಲ ಅವನ ದವಡೆಯನ್ನೇ ನೋಡುತ್ತಿದ್ದರು. ಅವನು "ಹೂಂ" ಅಂದರೆ ವ್ಯಾಪಾರ ಶುರು. ಹಳೆಯ ಯಜಮಾನರು ಹೋದರು, ಮಗ ಬಂದು ಕುರ್ಚಿಯಲ್ಲಿ ಕೂತ, ಆದರೆ ಆ "ಹೂಂ" ಮಾತ್ರ ಉಳಿಯಿತು.

ಹೀಗಿದ್ದವನಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ಬರೆದುಕೊಟ್ಟ ಡಾಕ್ಟರು, "ಹಿಟ್ಟಿನ ಪದಾರ್ಥ ಕಡಿಮೆ ಮಾಡಿ" ಎಂದರು. ಕಡಿಮೆ ಎಂದರೆ ಎಷ್ಟು ಎಂದು ಗಂಡಹೆಂಡಿರು ತಲೆಕೆಡಿಸಿಕೊಂಡು ಕೂತಿದ್ದಾಗ ಹೆಂಡತಿಯ ತಮ್ಮ ಬಂದ. ದಿನಾ ಜಿಮ್ಮಿಗೆ ಹೋಗಿ ತೋಳು ಬೆಳೆಸಿದ ಆಸಾಮಿ. ಅಂಗಿಯ ತೋಳು ಯಾವಾಗ ಹರಿಯುತ್ತದೋ ಎಂದು ನೋಡುವವರಿಗೇ ಭಯವಾಗಬೇಕು.

"ಭಾವ, ಪೇಲಿಯೋ ಅಂತ ಒಂದಿದೆ. ಆದಿಮಾನವರು ಏನು ತಿಂತಿದ್ರೋ ಅದನ್ನೇ ತಿನ್ನೋದು. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು. ಧಾನ್ಯ ಇಲ್ಲ, ಬೇಳೆಕಾಳು ಇಲ್ಲ, ಹಾಲು ಇಲ್ಲ, ಸಕ್ಕರೆ ಅಂತೂ ಕೇಳ್ಲೇಬೇಡಿ."

"ಆದಿಮಾನವನ ಕಾಲದಲ್ಲಿ ಬೇಕರಿ ಇರಲಿಲ್ವೇನೋ?"

"ಇರಲಿಲ್ಲ ಭಾವ. ಅದಕ್ಕೇ ಶುಗರೂ ಇರಲಿಲ್ಲ."

"ಹರೆಯದಲ್ಲೇ ಹುಲಿ ಬಾಯಿಗೆ ಬೀಳ್ತಿದ್ದ ಕಣೋ ಅವನು. ಶುಗರ್ ಬರೋದಕ್ಕೆ ಪುರುಸೊತ್ತೆಲ್ಲಿತ್ತು?"

ಇಬ್ಬರೂ ನಕ್ಕರು, ಹೆಂಡತಿ ನಗಲಿಲ್ಲ. ಅವಳ ಅಕ್ಕ ಇದೇ ಕಾಯಿಲೆಯಲ್ಲಿ ಮೊದಲು ಕಾಲು, ಆಮೇಲೆ ಜೀವ ಕಳೆದುಕೊಂಡಿದ್ದಳು. ಅದನ್ನು ಕಣ್ಣಾರೆ ಕಂಡವಳಿಗೆ ನಗು ಎಲ್ಲಿಂದ ಬರಬೇಕು? ಮರುದಿನವೇ ಅಡುಗೆಮನೆಯ ಹಿಟ್ಟಿನ ಡಬ್ಬ, ಅಕ್ಕಿಯ ಡಬ್ಬ, ಬೇಳೆಯ ಡಬ್ಬ ಖಾಲಿಯಾಗಿ, ತೊಳೆದು, ಬೋರಲಾಗಿ ಕೂತವು. ಬ್ರೆಡ್ಡಣ್ಣ ನೋಡಿದ. ಅವಳ ತಟ್ಟೆಯಲ್ಲೂ ಅದೇ ಬೇಯಿಸಿದ ಕುಂಬಳಕಾಯಿ, ಅದೇ ಮೊಟ್ಟೆ.

"ಶುಗರ್ ನನಗೆ ಕಣೇ. ನೀನ್ಯಾಕೆ ಬಾಯಿ ಕಟ್ತೀಯ?"

"ನೀವು ಬಿಟ್ಟಿದ್ದು ನನ್ನ ಗಂಟಲಲ್ಲಿ ಇಳಿಯುತ್ತೇನ್ರೀ? ನೀವು ಒಂದು ಮಾತು ಕೊಡಿ ಸಾಕು. ಹೊರಗಡೆ ಕದ್ದುಮುಚ್ಚಿ ತಿನ್ನಲ್ಲ ಅನ್ನಿ."

"ಒಂದು ಚೂರೂ ತಿನ್ನಲ್ಲ" ಎಂದು ಅವನು ಮಾತು ಕೊಟ್ಟ.

ಮಾತು ಕೊಡುವುದು ಸುಲಭ, ಹೊಟ್ಟೆಗೆ ಹೇಳುವುದು ಕಷ್ಟ. ಒಲೆಯ ಬಾಗಿಲು ತೆಗೆದಾಗಲೆಲ್ಲ ಅವನ ಬಾಯಲ್ಲಿ ನೀರೂರುತ್ತಿತ್ತು. ಆದರೂ ಆ ಪುಣ್ಯಾತ್ಮ ಮುಟ್ಟಲಿಲ್ಲ. ಬೆಳಗಿನ ಬ್ರೆಡ್ಡನ್ನು ತಟ್ಟಿ, ಮುರಿದು, ಮೂಸಿ, ಬಾಯಿಗೆ ಹಾಕದೆಯೇ "ಹೂಂ" ಎನ್ನತೊಡಗಿದ. "ಹೂಂ" ಕೇಳಿದರೆ ಸಾಕೆಂದು ಕಾಯುತ್ತಿದ್ದವರು ಅದನ್ನು ಗಮನಿಸಲಿಲ್ಲ. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿತ್ತು. "ಮಾತ್ರೆ ನಿಲ್ಲಿಸಬೇಡಿ, ಉಳಿದದ್ದು ಹೀಗೇ ನಡೀಲಿ" ಎಂದ ಡಾಕ್ಟರು, ಹೆಂಡತಿಯ ಕಡೆ ತಿರುಗಿ, "ನಿಮಗೇನಾಗಿದೆಯಮ್ಮ, ಇಷ್ಟು ಸೊರಗಿದ್ದೀರಿ?" ಎಂದು ಕೇಳಿದರು. ಆ ಪ್ರಶ್ನೆ ಅವಳ ಕಿವಿಗೇ ಬೀಳಲಿಲ್ಲ. ಸಕ್ಕರೆ ಇಳಿದಿದೆಯಂತೆ, ಇಳಿದಿದೆಯಂತೆ ಎಂದು ದಾರಿಯುದ್ದಕ್ಕೂ ಗಂಡನಿಗೇ ಹೇಳಿಕೊಂಡು ಬಂದಳು.

ಆ ಸಂತೋಷವೇ ಮುಳುವಾಯಿತು. ತರಕಾರಿ ಅಂಗಡಿಯಲ್ಲಿ ಪಕ್ಕದ ಬೀದಿಯ ಟೈಲರಮ್ಮ ಸಿಕ್ಕಿ, "ಇದೇನು, ದಿನಾ ಇಷ್ಟೊಂದು ಕುಂಬಳಕಾಯಿ?" ಎಂದು ಕೇಳಿದಳು. "ನಮ್ಮನೆಯವರದ್ದು ಪೇಲಿಯೋ ಅಲ್ವಾ, ಅದಕ್ಕೆ" ಎಂದು ಇವಳು ಹೆಮ್ಮೆಯಿಂದ ಹೇಳಿದಳು. ಟೈಲರಮ್ಮನ ಕಿವಿ ದಿನವೆಲ್ಲ ಹೊಲಿಗೆ ಯಂತ್ರದ ಸದ್ದು ಕೇಳಿದ ಕಿವಿ. ಅದಕ್ಕೆ ಬಿದ್ದದ್ದು ಪೋಲಿಯೋ.

"ಅಯ್ಯೋ ಪಾಪ, ಈ ವಯಸ್ಸಿಗೆ ಬರುತ್ತಾ?"

"ಈ ವಯಸ್ಸಿಗೇ ಬರೋದು ಕಣ್ರೀ ಇದೆಲ್ಲ" ಎಂದಳು ಹೆಂಡತಿ, ಶುಗರನ್ನು ಮನಸ್ಸಿನಲ್ಲಿಟ್ಟುಕೊಂಡು.

ಮುಗಿಯಿತಲ್ಲ! ಊರ ಬಾಯಿಗೆ ಬೀಗ ಹಾಕುವವರು ಯಾರು? ಸಾಲದ್ದಕ್ಕೆ ಬ್ರೆಡ್ಡಣ್ಣನ ಅಂಗಾಲಿಗೆ ಒಂದು ಆಣಿ ಎದ್ದು, ಅವನು ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದ. ಟೈಲರಮ್ಮ ಅಳತೆ ತೆಗೆಯುವಾಗ ಒಬ್ಬಳಿಗೆ ಹೇಳಿದಳು, ಗುಂಡಿ ಹಾಕುವಾಗ ಇನ್ನೊಬ್ಬಳಿಗೆ. ಕೇಳಿದವರೆಲ್ಲ ಕಾಲು ನೋಡಿದರು, ಹೌದು ಹೌದು ಅಂದರು. ಕಾಲಿಗೆ ರೋಗ ಬಂದವನು ಕೈಯಲ್ಲಿ ನಾದಿದ ಹಿಟ್ಟು ಎಷ್ಟು ಚೊಕ್ಕಟವೋ ಏನೋ ಎಂದು ಮಕ್ಕಳಿರುವ ಮನೆಯವರು ಮೊದಲು ಹಿಂದೆ ಸರಿದರು.

ಒಂದು ಬೆಳಿಗ್ಗೆ ಟೈಲರಮ್ಮನೇ ಸಾಲಿನಲ್ಲಿ ನಿಂತು, ಸೆರಗು ಬಾಯಿಗೆ ಹಿಡಿದು, "ಬ್ರೆಡ್ಡಣ್ಣಾ, ಹುಷಾರಾಗಿದೀರಾ? ಪೋಲಿಯೋಗೆ ಔಷಧಿ ತಗೊಳ್ತಿದೀರಾ?" ಎಂದಳು. ಆಗ ಅವನಿಗೆ ಜನ ಕಡಿಮೆಯಾದದ್ದು ಯಾಕೆಂದು ಅರ್ಥವಾಯಿತು. ರೇಗಿಹೋಯಿತು.

"ಪೋಲಿಯೋ ಅಲ್ಲಮ್ಮಾ, ಪೇಲಿಯೋ! ಪೇ, ಪೇ! ಕಾಯಿಲೆ ಅಲ್ಲ, ಪಥ್ಯ!"

"ಪಥ್ಯ ಅಂದ್ರೆ?"

"ಬ್ರೆಡ್ಡು ಗಿಡ್ಡು ತಿನ್ನೋ ಹಾಗಿಲ್ಲ. ಮೈಗೆ ಒಳ್ಳೇದಲ್ಲ ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದೆ ನಿಂತಿದ್ದ ಬಸ್ ಡ್ರೈವರ್ ಮೆಲ್ಲಗೆ ಕೇಳಿದ: "ಹಾಗಾದ್ರೆ ಮೈಗೆ ಒಳ್ಳೇದಲ್ಲದ್ದನ್ನ ನಮಗೆ ಕಟ್ಟಿ ಕೊಡ್ತಿದೀರಾ ಅಣ್ಣಾ?"

"ನನ್ನ ಮೈಗಪ್ಪಾ! ನಿಮ್ಮ ಮೈಗಲ್ಲ!" ಎಂದು ಬ್ರೆಡ್ಡಣ್ಣ ಬಡಕೊಂಡ. ಯಾರು ಕೇಳುತ್ತಾರೆ? ಅವನು ಈಚೆಗೆ ಬ್ರೆಡ್ಡು ಕಚ್ಚುತ್ತಲೇ ಇಲ್ಲ ಎನ್ನುವುದು ಆಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಪೋಲಿಯೋ ಸುದ್ದಿಯಾದರೂ ಅರ್ಧ ಊರಿಗೆ ಹಬ್ಬಿತ್ತು. ಬೇಯಿಸುವವನೇ ತಿನ್ನುವುದಿಲ್ಲವಂತೆ ಎಂಬುದು ಇಡೀ ಊರಿಗೆ ಹಬ್ಬಿತು. ಸಂಜೆಗೆ ಗಾಜಿನ ಪೆಟ್ಟಿಗೆಯಲ್ಲಿ ಬೆಳಗಿನ ಬ್ರೆಡ್ಡು ಹಾಗೇ ಕೂತಿರುತ್ತಿತ್ತು. ತಾನು ನಾದಿದ್ದನ್ನು ತಾನೇ ಹಂದಿ ಸಾಕುವವನ ಗಾಡಿಗೆ ಸುರಿದು ಬರುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಯಜಮಾನ ಒಳಗೆ ಬಂದು ಮೇಜಿನ ಅಂಚಿಗೆ ಒರಗಿ ನಿಂತ. ಚಿಕ್ಕವನಿದ್ದಾಗ ಇದೇ ಮೇಜಿನ ಕೆಳಗೆ ಆಡಿ ಬೆಳೆದವನು, ಗದರಲು ಬಾಯಿ ಬಾರದು.

"ಅಣ್ಣಾ, ಫ್ಯಾಕ್ಟರಿ ಬ್ರೆಡ್ಡಿನವರು ಬಂದಿದ್ರು. ದಿನಾ ವ್ಯಾನಲ್ಲಿ ತಂದು ಹಾಕ್ತಾರಂತೆ. ಒಲೆ ಆರಿಸೋಕೆ ನನಗೆ ಮನಸ್ಸಿಲ್ಲ. ಆದ್ರೆ ಹೀಗೇ ಆದ್ರೆ ನಾನಾದ್ರೂ ಏನು ಮಾಡ್ಲಿ? ನಾಳೆ ಬೆಳಿಗ್ಗೆ ಎಲ್ಲರೆದುರಿಗೆ ಮೊದಲಿನ ಹಾಗೆ ಒಂದು ಸಲ ಕಚ್ಚಿಬಿಡಿ. ಬೇಕಾದ್ರೆ ಒಳಗೆ ಬಂದು ಉಗುಳಿ."

"ಮನೇಲಿ ಮಾತು ಕೊಟ್ಟಿದೀನಪ್ಪ."

"ಕೇಳಿ ನೋಡಿ. ಅತ್ತಿಗೆ ಬೇಡ ಅಂತಾರಾ?"

ಕೇಳಬೇಕೆಂದೇ ಮನೆಗೆ ಹೋದ. ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಹಾಲಿಲ್ಲದ ಸಕ್ಕರೆಯಿಲ್ಲದ ಕರಿ ಚಹಾ ಹಿಡಿದು ಕೂತಿದ್ದಳು. ಅವನ ಹೆಜ್ಜೆ ಸದ್ದಿಗೆ ದಡಬಡ ಎದ್ದು, ಮತ್ತೆ ಗೋಡೆ ಹಿಡಿದಳು. "ಏನಿಲ್ಲ, ತಟ್ಟನೆ ಎದ್ದೆನಲ್ಲ, ತಲೆ ತಿರುಗ್ತು" ಎಂದು ನಕ್ಕಳು. ಊಟಕ್ಕೆ ಮೀನಿನ ದೊಡ್ಡ ತುಂಡನ್ನು ಅವನಿಗೆ ಬಡಿಸಿ ಬಾಲದ ತುಂಡನ್ನು ತಾನಿಟ್ಟುಕೊಂಡಳು. "ಈ ಸಲ ಶುಗರ್ ಇನ್ನೂ ಇಳಿದಿರುತ್ತೆ ನೋಡಿ" ಎಂದಳು. ಕೇಳಬೇಕೆಂದುಕೊಂಡ ಮಾತು ಅವನ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಒಲೆ ಆರಿದರೆ ಮೀನಿಗೂ ಮೊಟ್ಟೆಗೂ ಎಲ್ಲಿಗೆ ಹೋಗುವುದು ಎಂದು ಒಮ್ಮೆ ಅನ್ನಿಸಿದರೆ, ಈ ಮುಖ ನೋಡಿ ಹೇಗೆ ಹೇಳುವುದು ಎಂದು ಇನ್ನೊಮ್ಮೆ. ಅತ್ತ ದರಿ, ಇತ್ತ ಪುಲಿ. ಅವನು ಉಂಡು ಎದ್ದ.

ಮರುದಿನ ಬೆಳಿಗ್ಗೆ ಯಜಮಾನ ಹೇಳಿಕಳಿಸಿದ್ದರಿಂದಲೋ, ತಮಾಷೆ ನೋಡಲೋ, ಸಾಲು ಬೀದಿಯವರೆಗೆ ಬೆಳೆದಿತ್ತು. ಬ್ರೆಡ್ಡಣ್ಣ ಮೊದಲ ಬ್ರೆಡ್ಡು ತಂದ. ಮಗುಚಿದ, ತಟ್ಟಿದ, ಮುರಿದ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಒಂದು ಚಿಕ್ಕ ತುಂಡನ್ನು ಬಾಯಿಗೆ ಹಾಕಿಕೊಂಡು ದವಡೆಯ ಸಂದಿಯಲ್ಲಿ ಒತ್ತಿಟ್ಟ. ಒಳಗೆ ಹೋಗಿ ಉಗುಳಿದರಾಯಿತು ಎಂದು ಲೆಕ್ಕ. ಬಿಸಿ ತುಪ್ಪ ಕಂಡಿರಾ, ಉಗುಳುವಂತಿಲ್ಲ, ನುಂಗುವಂತಿಲ್ಲ.

"ನುಂಗಿ ಅಣ್ಣಾ, ನೋಡೋಣ" ಎಂದ ಬಸ್ ಡ್ರೈವರ್.

ನುಂಗಿದ. ಆಮೇಲೆ ಆದದ್ದಕ್ಕೆ ಡ್ರೈವರನ್ನೂ ದೂರುವಂತಿಲ್ಲ, ಯಜಮಾನನನ್ನೂ ದೂರುವಂತಿಲ್ಲ. ಎರಡನೆಯ ತುಂಡನ್ನು ಯಾರೂ ತಿನ್ನು ಅಂದಿರಲಿಲ್ಲ. ಮೂರನೆಯದನ್ನೂ ಅಂದಿರಲಿಲ್ಲ. ಗಟ್ಟಿ ಸಿಪ್ಪೆ ಹಲ್ಲಿಗೆ ಸಿಕ್ಕು ಕರಕರ ಅಂದಾಗ ಅವನ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ನಿಲ್ಲಲಿಲ್ಲ. ಹಾಳು ಬಾಯಿ, ಹಾಳು ಹೊಟ್ಟೆ ಎಂದು ಒಳಗೊಳಗೇ ಬೈದುಕೊಳ್ಳುತ್ತ ತಿಂದ. ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಪೆಟ್ಟಿಗೆ ನೋಡನೋಡುತ್ತ ಖಾಲಿಯಾಯಿತು. "ಒಲೆ ಉಳೀತು ಅಣ್ಣಾ" ಎಂದು ಯಜಮಾನ ಅವನ ಭುಜ ಹಿಡಿದು ಅಲ್ಲಾಡಿಸಿದ. "ದಿನಾ ಹೀಗೇ ಒಂದು ತುಂಡು. ಅಷ್ಟೇ."

ಮನೆಗೆ ಹೋಗುವಾಗ ಅವನು ಬೈಗುಳ ಬಯಸುತ್ತ ಹೋದ. ಬೈದರೆ ತಲೆ ತಗ್ಗಿಸಿ ನಿಲ್ಲಬಹುದು, ಅತ್ತರೆ ಸಮಾಧಾನ ಮಾಡಬಹುದು. ಆದರೆ ಟೈಲರಮ್ಮ ಅವನಿಗಿಂತ ಮೊದಲೇ ಬಂದು, "ನಿಮ್ಮ ಮನೆಯವರು ಗೆದ್ದುಬಿಟ್ರು ಕಣ್ರೀ! ಎಲ್ಲರ ಮುಂದೆ ಬ್ರೆಡ್ಡು ತಿಂದು ತೋರಿಸಿ ಕೆಲಸ ಉಳಿಸ್ಕೊಂಡ್ರು!" ಎಂದು ಸಂಭ್ರಮದಿಂದ ಹೇಳಿ ಹೋಗಿದ್ದಳು. ಹೆಂಡತಿ ಎರಡು ತಟ್ಟೆ ಹಾಕಿ ಕಾಯುತ್ತಿದ್ದಳು.

"ಕೆಲಸ ಉಳೀತಾ?"

"ಉಳೀತು."

"ಒಂದೇ ಚೂರು ತಾನೆ?"

ಸುಳ್ಳು ಹೇಳಬಹುದಿತ್ತು. "ಅರ್ಧ ಬ್ರೆಡ್ಡು" ಎಂದ.

"ನಾಳೆನೂ ತಿನ್ಬೇಕಾ?"

"ದಿನಾ."

ಅವಳು ಸೌಟು ತೆಗೆದುಕೊಳ್ಳಲು ಕೈ ಎತ್ತಿದಳು. ಮಣಿಕಟ್ಟಿನ ಬಳೆ ಜಾರಿ ಮೊಣಕೈತನಕ ಹೋಗುತ್ತಿತ್ತು, ಅಷ್ಟು ಇಳಿದಿದ್ದಳು. ಆಮೇಲೆ ಬೇಯಿಸಿದ ಕುಂಬಳಕಾಯಿಯನ್ನು ತನ್ನ ತಟ್ಟೆಗೆ ಬಡಿಸಿಕೊಂಡಳು.

"ಇವತ್ತಿಂದ ಬೇಡ ಕಣೇ" ಎಂದ ಬ್ರೆಡ್ಡಣ್ಣ. "ನಾನೇ ಪಥ್ಯ ಬಿಟ್ಟ ಮೇಲೆ ನಿನಗ್ಯಾಕೆ? ಬುತ್ತಿ ತುಂಬ ಬ್ರೆಡ್ಡು ತಂದಿದೀನಿ. ನೀನಾದ್ರೂ ಹೊಟ್ಟೆ ತುಂಬ ತಿನ್ನು."

"ನಾನು ಬಿಡಲ್ಲ. ನಿಮ್ಮ ಪಾಲಿಂದೂ ಸೇರಿಸಿ ನಾನೇ ಮಾಡ್ತೀನಿ."

"ಹುಚ್ಚೀ! ನೀನು ಬಾಯಿ ಕಟ್ಟಿದ್ರೆ ನನ್ನ ಶುಗರ್ ಹ್ಯಾಗೆ ಇಳಿಯುತ್ತೆ? ಅಷ್ಟೂ ತಿಳಿಯಲ್ವಾ ನಿನಗೆ?"

"ತಿಳಿಯುತ್ತೆ" ಎಂದಳು ಅವಳು, ತಲೆ ಎತ್ತದೆ. "ನನಗೇನು ಅಷ್ಟೂ ಬುದ್ಧಿ ಇಲ್ಲ ಅಂದ್ಕೊಂಡ್ರಾ? ನಿಮ್ಮನ್ನ ಕೆಲಸ ಬಿಡಿ ಅನ್ನೋ ಹಾಗಿಲ್ಲ, ತಿನ್ನಬೇಡಿ ಅನ್ನೋ ಹಾಗಿಲ್ಲ. ಮತ್ತೆ ನಾನೇನು ಮಾಡ್ಲಿ, ಅದನ್ನಾದ್ರೂ ಹೇಳಿ."

ಅವಳು ಅವನ ಉತ್ತರಕ್ಕಾಗಿ ನಿಜಕ್ಕೂ ಕಾದಳು, ತುತ್ತು ಕೈಯಲ್ಲೇ ಹಿಡಿದು. ಉತ್ತರ ಬರದಿದ್ದಾಗ ಉಣ್ಣತೊಡಗಿದಳು.